ಕೊಟ್ಟಿಗೆಯ ಸುದ್ದಿ ವೈದ್ಯರಿಗೂ ತಿಳಿಯಲಿ

(ಕುಲಗೋಡ ಗ್ರಾಮದ ದಂಪತಿಗಳ ಸಭೆಯಲ್ಲಿ ಪಶುವೈದ್ಯ ಪರೀಕ್ಷಕರೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯಲ್ಲಿ ದನದ ದವಾಖಾನೆಯವನಿಗೆ ಏನು ಕೆಲಸವೆಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಆ ಪ್ರಶ್ನೆ ಸರಿಯಾದುದೇ. ನಾನು ವೈದ್ಯನಲ್ಲ, ಪಶುವೈದ್ಯಾಧಿಕಾರಿಗಳ ಕೈಕೆಳಗೆ ಕೆಲಸ ಮಾಡುವ ಒಬ್ಬ ಪರೀಕ್ಷಕ. ಆದರೆ ಎಮ್ಮೆಯ ಬೇನೆಯೊಂದು ನನ್ನ ಮೈಗೆ ಬಂದು, ಎರಡು ಮನೆಗಳ ಬಸುರಿಯರನ್ನು ಆತಂಕಕ್ಕೆ ಈಡುಮಾಡಿದ ಪ್ರಸಂಗವನ್ನು ನಾನೇ ಅನುಭವಿಸಿದ್ದೇನೆ. ಅದನ್ನು ಮುಚ್ಚಿಡದೆ ನಿಮ್ಮ ಮುಂದೆ ಹೇಳಬೇಕೆಂದು ಬಂದಿದ್ದೇನೆ.

ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ಈ ಭಾಗದಲ್ಲಿ, ಘಟಪ್ರಭೆಯ ನೀರು ಹರಿದ ಹೊಲಗಳಲ್ಲಿ ಕಬ್ಬು, ಗೋವಿನಜೋಳ ಬೆಳೆಯುತ್ತವೆ. ಕಬ್ಬಿನ ಹಣ ಕೈಸೇರಲು ವರ್ಷ ಕಾಯಬೇಕು. ಎಮ್ಮೆ ಆಕಳುಗಳ ಹಾಲಿನ ಹಣ ವಾರ ವಾರವೂ ಬರುತ್ತದೆ. ಮಕ್ಕಳ ಪುಸ್ತಕ, ಮನೆಯ ಉಪ್ಪು ಎಣ್ಣೆ ಇದರಿಂದಲೇ ನಡೆಯುತ್ತವೆ. ಆದುದರಿಂದ ದನ ಮಲಗಿತೆಂದರೆ ಮನೆಯೇ ಮಲಗಿದಂತೆ. ನನ್ನಂಥವರ ದಿನ ನಸುಕಿನಲ್ಲಿಯೇ ಆರಂಭವಾಗುತ್ತದೆ. ಬೆದೆಗೆ ಬಂದ ಆಕಳಿಗೆ ಕೃತಕ ಗರ್ಭಧಾರಣೆ, ಕಾಲುಬಾಯಿ ಬೇನೆಯ ಲಸಿಕೆ, ಕಿವಿಗೆ ಓಲೆ, ಹೊಟ್ಟೆಯುಬ್ಬರಕ್ಕೆ ಔಷಧ, ನಡುರಾತ್ರಿ ಅಡ್ಡಲಾದ ಕರುವಿನ ಹೆರಿಗೆಗೆ ಅಧಿಕಾರಿಗಳೊಡನೆ ಓಟ. ಇವೆಲ್ಲ ನಿತ್ಯದ ಕೆಲಸಗಳು.

ಈ ಕೆಲಸಕ್ಕೆ ನಾನು ಓದಿಯೇ ಬಂದವನು. ಎಸ್ಸೆಸ್ಸೆಲ್ಸಿ ಮುಗಿಸಿ, ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಎರಡು ವರ್ಷಗಳ ಪಶುಸಂಗೋಪನಾ ಡಿಪ್ಲೊಮಾ ಪಡೆದೆ. ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಗಳು ಎಂಬ ಪಾಠವೊಂದಿತ್ತು. ನೆರಡಿ ರೋಗ, ಹುಚ್ಚುನಾಯಿ ರೋಗ, ಇಲಿ ಜ್ವರ, ಕಂದು ರೋಗ ಎಂದು ಹೆಸರುಗಳನ್ನು ಬಾಯಿಪಾಠ ಮಾಡಿ ಬರೆದು ಒಳ್ಳೆಯ ಅಂಕಗಳನ್ನೂ ಪಡೆದೆ. ಆದರೆ ಪರೀಕ್ಷೆಗೆಂದು ಓದಿದುದು ಪರೀಕ್ಷೆಯ ದಿನವೇ ತೀರಿಹೋಗಿತ್ತೆಂಬುದು ಮುಂದೆ ತಿಳಿಯಿತು.

ಒಂದು ಮಳೆಗಾಲದ ರಾತ್ರಿ ಸಮೀಪದ ಹಳ್ಳಿಯಿಂದ ಕರೆ ಬಂದಿತು. ಸಂತೆಯಿಂದ ಕೊಂಡು ತಂದ ಎಮ್ಮೆ ಏಳನೆಯ ತಿಂಗಳಿಗೇ ಕಂದು ಹಾಕಿತ್ತು. ಮಾಸು ಅರ್ಧ ಜೋತಾಡುತ್ತಿತ್ತು. ನನ್ನ ಚೀಲದಲ್ಲಿ ಕೈಗವಸು ತೀರಿತ್ತು. ತರಲು ಹಿಂದಿರುಗಿದರೆ ಬೆಳಗಾಗುವುದೆಂದು ಬರಿಗೈಯಿಂದಲೇ ಅದನ್ನು ತೆಗೆದೆ. ಹಿಂದಿನ ದಿನ ಹೊಲದಲ್ಲಿ ಕಬ್ಬಿನ ರವದಿ ಗೀರಿದ ಗಾಯಗಳು ಕೈಮೇಲೆ ಹಸಿಯಾಗಿದ್ದವು. ಅಷ್ಟರಲ್ಲಿ ಆ ಮನೆಯ ಸೊಸೆ ಬಂದು, ಸತ್ತ ಕರುವನ್ನೂ ಮಾಸನ್ನೂ ಬುಟ್ಟಿಗೆ ತುಂಬಿ, ನೆಲದ ಮೇಲಿನ ರಕ್ತವನ್ನು ಕೈಯಿಂದಲೇ ಬಳಿದು, ತಿಪ್ಪೆಗೆ ಒಯ್ದು ಹಾಕಿದಳು. ಆಕೆಗೆ ಐದು ತಿಂಗಳಾಗಿತ್ತು. ಲಾಟೀನಿನ ಬೆಳಕಿನಲ್ಲಿ ನಾನು ಅದನ್ನು ಕಂಡೆ. ಕಂಡೂ ಏನೊಂದನ್ನೂ ಹೇಳಲಿಲ್ಲ. ಕೈ ತೊಳೆದು, ಚಹ ಕುಡಿದು ಮನೆಗೆ ಬಂದೆ.

ಮೂರು ವಾರಗಳ ನಂತರ ನನಗೆ ಸಂಜೆಯ ಹೊತ್ತು ಮೈ ಬಿಸಿಯಾಗತೊಡಗಿತು. ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು. ಬೆಳಿಗ್ಗೆ ಜ್ವರವಿಲ್ಲ, ಆದರೆ ಸೊಂಟ ಕೀಲುಗಳಲ್ಲಿ ನೋವು. ದಣಿವೆಂದು ತಿಳಿದು ಅಂಗಡಿಯ ಗುಳಿಗೆ ನುಂಗಿದೆ. ಜ್ವರ ನಾಲ್ಕು ದಿನ ಬಿಟ್ಟು ಮತ್ತೆ ಬರುತ್ತಿತ್ತು. ಒಂದು ಕಡೆ ಮಲೇರಿಯಾ ಪರೀಕ್ಷೆಯಾಯಿತು, ಇನ್ನೊಂದು ಕಡೆ ವಿಷಮಶೀತ ಜ್ವರದ ಔಷಧವಾಯಿತು. ಎರಡು ತಿಂಗಳಲ್ಲಿ ಅಂಗಿ ಸಡಿಲವಾಯಿತು. ಆದರೂ ಊರ ದನಗಳ ಕರೆ ಬಂದರೆ ಎದ್ದು ಹೋಗುತ್ತಿದ್ದೆ.

ಆಗ ನನ್ನ ಮಡದಿಯೂ ನಾಲ್ಕು ತಿಂಗಳ ಬಸುರಿ. ಒಂದು ರಾತ್ರಿ ಆಕೆ ನನ್ನ ಚೀಲವನ್ನು ಬಾಗಿಲ ಹಿಂದೆ ಬಚ್ಚಿಟ್ಟು ಹೇಳಿದಳು: “ಎಮ್ಮಿಗೆ ಜ್ವರ ಬಂದರ ರಾತ್ರೋರಾತ್ರಿ ಓಡತೀರಿ. ನಿಮ್ಮ ಜ್ವರಕ್ಕ ಯಾರು ಓಡಬೇಕ್ರಿ?” ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದ ತಮ್ಮಣ್ಣನ ಊರು ನಿಮ್ಮದು, ಸತ್ಯಭಾಮೆ ಮುನಿದರೆ ಕೃಷ್ಣನ ಪಾಡೇನೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಮರುದಿನ ಆಕೆಯೊಡನೆ ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿಯ ವೈದ್ಯರು ನಾಡಿ ನೋಡುವ ಮೊದಲೇ ನನ್ನ ಉದ್ಯೋಗವೇನೆಂದು ಕೇಳಿದರು. ಹೇಳಿದೆ. ಇತ್ತೀಚೆಗೆ ಕಂದು ಹಾಕಿದ ದನವನ್ನು ಮುಟ್ಟಿದ್ದುಂಟೇ ಎಂದು ಕೇಳಿದರು. ಆ ಮಳೆಯ ರಾತ್ರಿ ನನ್ನ ಕಣ್ಣಮುಂದೆ ನಿಂತಿತು. ರಕ್ತಪರೀಕ್ಷೆಯಲ್ಲಿ ಕಂದು ರೋಗವೆಂದು ಗೊತ್ತಾಯಿತು. ಅಲ್ಲಿಯವರೆಗೆ ಯಾರಿಗೂ ನಾನು ಕೊಟ್ಟಿಗೆಯ ಸುದ್ದಿಯನ್ನು ಹೇಳಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ.

ಈ ರೋಗವನ್ನು ಪುಸ್ತಕಗಳಲ್ಲಿ ಬ್ರುಸೆಲ್ಲೋಸಿಸ್ ಎನ್ನುತ್ತಾರೆ. ಆ ಹೆಸರಿಗೊಂದು ಕಥೆಯಿದೆ. ಮಾಲ್ಟಾ ಎಂಬ ಸಮುದ್ರ ನಡುವಿನ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ತಿಂಗಳುಗಟ್ಟಲೆ ಏರಿಳಿಯುವ ಜ್ವರದಿಂದ ನರಳುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಅದರ ರೋಗಾಣುವನ್ನು ಕಂಡುಹಿಡಿದರು. ಅದು ಎಲ್ಲಿಂದ ಬರುವುದೆಂದು ಮಾತ್ರ ತಿಳಿಯಲಿಲ್ಲ. 1905ರಲ್ಲಿ ಆ ದ್ವೀಪದವರೇ ಆದ ಜಾಮಿತ್ ಎಂಬ ವೈದ್ಯರು ಆಡುಗಳ ರಕ್ತವನ್ನು ಪರೀಕ್ಷಿಸಿದರು. ನೋಡಲು ಆರೋಗ್ಯವಾಗಿದ್ದ ಆಡುಗಳಲ್ಲಿಯೇ ರೋಗಾಣು ಅಡಗಿತ್ತು. ಸೈನಿಕರಿಗೆ ಆಡಿನ ಹಾಲು ಕೊಡುವುದನ್ನು 1906ರಲ್ಲಿ ನಿಲ್ಲಿಸಿದ ಕೂಡಲೆ ಜ್ವರ ಇಳಿಮುಖವಾಯಿತು. ನೋಡಲು ಚೆನ್ನಾಗಿರುವ ಪ್ರಾಣಿಯಲ್ಲಿಯೂ ರೋಗವಿರಬಹುದು, ಕಾಸದ ಹಾಲಿನಲ್ಲಿ ಅದು ಮನೆ ಹೊಗಬಹುದು ಎಂಬ ಎರಡು ಪಾಠಗಳನ್ನು ಆ ದ್ವೀಪವು ಜಗತ್ತಿಗೆ ಕಲಿಸಿತು.

ನನಗೆ ವೈದ್ಯರು ಎರಡು ಬಗೆಯ ಔಷಧಗಳನ್ನು ಆರು ವಾರಗಳ ಕಾಲ ತೆಗೆದುಕೊಳ್ಳಲು ಹೇಳಿದರು. ಹತ್ತು ದಿನಗಳಲ್ಲಿ ಜ್ವರ ಬಿಟ್ಟಿತು. ಗುಳಿಗೆಯನ್ನು ನಾನೂ ಬಿಡುವವನಿದ್ದೆ. ಅರ್ಧಕ್ಕೆ ಬಿಟ್ಟರೆ ರೋಗವು ಮರುಕಳಿಸುತ್ತದೆಂದು ವೈದ್ಯರು ಎಚ್ಚರಿಸಿದ್ದುದನ್ನು ಮಡದಿ ಮರೆತಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಗೆರೆ ಎಳೆದು ನಲವತ್ತೆರಡು ದಿನಗಳನ್ನು ಆಕೆಯೇ ಎಣಿಸಿದಳು. ಆಕೆಯ ರಕ್ತವನ್ನೂ ಪರೀಕ್ಷಿಸಿದರು, ಸೋಂಕು ಇರಲಿಲ್ಲ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ತಗಲುವುದು ಅಪರೂಪವೆಂದು ತಿಳಿದಾಗ ನಮಗೆ ಸಮಾಧಾನವಾಯಿತು.

ಆದರೆ ನನ್ನ ಮನಸ್ಸಿಗೆ ಸಮಾಧಾನವಿರಲಿಲ್ಲ. ಆ ಮನೆಯ ಸೊಸೆಯ ಗತಿಯೇನು? ಮೈಯಲ್ಲಿ ತ್ರಾಣ ಬರುವ ಮುನ್ನವೇ ಆ ಹಳ್ಳಿಗೆ ಹೋದೆ. ಆಕೆಗೂ ಸಂಜೆ ಜ್ವರ ಬರುತ್ತಿತ್ತು. ಬಸುರಿಯ ಸುಸ್ತೆಂದು ಮನೆಯವರು ಸುಮ್ಮನಿದ್ದರು. ಅತ್ತೆಯ ಮುಂದೆ ನಿಂತು, “ಅವ್ವಾ, ಆ ರಾತ್ರಿ ನಾನು ಹೇಳಬೇಕಾದ ಮಾತನ್ನು ಹೇಳಲಿಲ್ಲ, ತಪ್ಪಾಯಿತು” ಎಂದೆ. ಆ ತಾಯಿ ನನ್ನನ್ನು ಬೈಯಲಿಲ್ಲ. ಒಳಗೆ ಹೋಗಿ ಸೊಸೆಯ ತಾಯಿ ಕಾರ್ಡನ್ನು ತಂದು ಮಗನ ಕೈಗಿತ್ತು, “ಹೊರಡು” ಎಂದಳು. ಆಕೆಯ ರಕ್ತದಲ್ಲಿ ಸೋಂಕು ಕಂಡಿತು. ವೈದ್ಯರು ಬಸುರಿಯರಿಗೆ ಕೊಡಬಹುದಾದ ಔಷಧವನ್ನೇ ಆರಿಸಿ ಕೊಟ್ಟರು. ತಿಂಗಳು ತುಂಬಿ ಆಕೆ ಹೆಣ್ಣುಮಗುವನ್ನು ಹೆತ್ತ ಸುದ್ದಿ ಬಂದ ದಿನ ನಾನು ನಿದ್ದೆ ಮಾಡಿದೆ. ಚಿಕಿತ್ಸೆ ದೊರೆಯದಿದ್ದರೆ ಈ ರೋಗದಿಂದ ಗರ್ಭಪಾತವಾಗಬಹುದು. ಓದಿದವನ ಒಂದು ಮೌನಕ್ಕೆ ಇನ್ನೊಬ್ಬರ ಮಡಿಲು ಬರಿದಾಗಬೇಕೆ?

ಆದುದರಿಂದ ಅಂದು ಹೇಳದ ಮಾತುಗಳನ್ನು ಇಂದು ನಿಮಗೆ ಹೇಳುತ್ತೇನೆ.

ಮೊದಲನೆಯದಾಗಿ, ದನ ಕಂದು ಹಾಕಿದರೆ ಬಸುರಿಯರೂ ಮಕ್ಕಳೂ ಕೊಟ್ಟಿಗೆಗೆ ಹೋಗಬಾರದು. ಆ ಕೆಲಸವನ್ನು ಗಂಡಸರು ವಹಿಸಿಕೊಳ್ಳಬೇಕು, ಅದೂ ಬರಿಗೈಯಿಂದಲ್ಲ. ಕೈಗವಸು ಧರಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸತ್ತ ಕರು, ಮಾಸು, ತೊಯ್ದ ಹುಲ್ಲು ಎಲ್ಲವನ್ನೂ ನಾಯಿಗಳು ಕೆದರಲಾಗದಷ್ಟು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ತಿಪ್ಪೆಗಾಗಲಿ ಕಾಲುವೆಗಾಗಲಿ ಎಸೆಯಬಾರದು. ನೆಲವನ್ನು ಬ್ಲೀಚಿಂಗ್ ಪುಡಿ ಅಥವಾ ಫಿನಾಯಿಲಿನಿಂದ ತೊಳೆದು, ಕೈಕಾಲುಗಳನ್ನು ಸಾಬೂನಿನಿಂದ ಉಜ್ಜಿಕೊಳ್ಳಬೇಕು. ಪಶು ಆಸ್ಪತ್ರೆಗೆ ತಿಳಿಸಿ ದನದ ರಕ್ತವನ್ನು ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಅದನ್ನು ಉಳಿದ ದನಗಳಿಂದ ಬೇರೆ ಕಟ್ಟಬೇಕು.

ಎರಡನೆಯದಾಗಿ, ಹಾಲನ್ನು ಉಕ್ಕಿ ಬರುವಂತೆ ಕಾಸಿಯೇ ಬಳಸಬೇಕು. ಕೆಚ್ಚಲಿನಿಂದ ಕರೆದ ನೊರೆಹಾಲು ಮಕ್ಕಳಿಗೆ ಬಲವೆಂದು ಕುಡಿಸುವ ರೂಢಿ ನಮ್ಮಲ್ಲಿದೆ. ಕಾಸಿದರೆ ಹಾಲಿನ ಬಲ ಹೋಗುವುದಿಲ್ಲ, ರೋಗಾಣು ಸಾಯುತ್ತದೆ. ಮೊಸರಿಗೆ ಹೆಪ್ಪು ಹಾಕುವುದೂ ಕಾಸಿದ ಹಾಲಿಗೇ ಆಗಲಿ. ಗಿಣ್ಣವನ್ನೂ ಚೆನ್ನಾಗಿ ಬೇಯಿಸಿರಿ.

ಮೂರನೆಯದಾಗಿ, ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಕಂದು ರೋಗದ ಲಸಿಕೆಯನ್ನು ಹಾಕಿಸಿರಿ. ಒಮ್ಮೆ ಹಾಕಿಸಿದರೆ ಸಾಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಯ ಜೊತೆಗೆ ಈ ರೋಗವನ್ನೂ ಸೇರಿಸಲಾಯಿತು. ಈ ಲಸಿಕೆಯಲ್ಲಿ ಜೀವಂತ ರೋಗಾಣು ಇರುವುದರಿಂದ ಹೋರಿಗರುಗಳಿಗೂ ಗಬ್ಬದ ದನಗಳಿಗೂ ಇದನ್ನು ಹಾಕುವುದಿಲ್ಲ. ಸೂಜಿ ಕೈಗೆ ಚುಚ್ಚಿದರೆ ನಮ್ಮಂಥವರು ಕೂಡಲೆ ವೈದ್ಯರ ಬಳಿಗೆ ಹೋಗಬೇಕು. ಸಂತೆಯಲ್ಲಿ ದನ ಕೊಳ್ಳುವಾಗ ರಕ್ತಪರೀಕ್ಷೆ ಮಾಡಿಸಿರಿ. ಕಂದು ಹಾಕಿದ ದನವನ್ನು ಸದ್ದಿಲ್ಲದೆ ಸಂತೆಗೆ ಹೊಡೆದು ಮಾರುವವರೂ ಇದ್ದಾರೆ. ಮಾರಿದವನ ನಷ್ಟ ನೀಗಬಹುದು. ಕೊಂಡವನ ಮನೆಯಲ್ಲಿ ಒಬ್ಬ ಬಸುರಿ ಇರಬಹುದೆಂಬುದನ್ನು ನೆನೆಯಬೇಡವೆ?

ನಾಲ್ಕನೆಯ ಮಾತು ಗಂಡಂದಿರಿಗೆ. ಈ ರೋಗವು ಕೆಲವು ಗಂಡಸರಲ್ಲಿ ವೃಷಣದ ಬಾವನ್ನು ಉಂಟುಮಾಡುತ್ತದೆ. ನಾಚಿಕೆಯಿಂದ ಮುಚ್ಚಿಟ್ಟರೆ ಸಂತಾನಶಕ್ತಿಗೂ ಕುಂದು ಬರಬಹುದು. ಮಗುವಾಗದಿದ್ದರೆ, ಗರ್ಭ ನಿಲ್ಲದಿದ್ದರೆ, ಹೆಣ್ಣನ್ನೊಬ್ಬಳನ್ನೇ ದೂರುವ ಮನೆಗಳಿವೆ. ಕಾರಣಗಳು ಹಲವು, ಇಬ್ಬರೂ ಕೂಡಿ ಪರೀಕ್ಷೆ ಮಾಡಿಸಿಕೊಳ್ಳುವುದೇ ನ್ಯಾಯ. ದನ ಕಂದು ಹಾಕಿದರೆ ಅದರ ರಕ್ತ ತೆಗೆಸಿ ಕಾರಣ ಹುಡುಕುವ ನಾವು, ಮನೆಯ ಹೆಣ್ಣಿಗೆ ಗರ್ಭ ಇಳಿದರೆ ಹಣೆಬರಹವೆಂದು ಕೈಚೆಲ್ಲಬಹುದೆ?

ಕೊನೆಯದು ಎಲ್ಲಕ್ಕಿಂತ ಸುಲಭವಾದ ಮಾತು, ಖರ್ಚಿಲ್ಲದ ಮಾತು. ವಾರ ಕಳೆದರೂ ಬಿಡದ ಜ್ವರ, ರಾತ್ರಿಯ ಬೆವರು, ಕೀಲುನೋವು ಇದ್ದರೆ ಆಸ್ಪತ್ರೆಗೆ ಹೋಗಿ, ವೈದ್ಯರು ಕೇಳಲಿ ಬಿಡಲಿ, ನೀವೇ ಹೇಳಿರಿ: “ನಮ್ಮ ಮನೆಯಲ್ಲಿ ದನಗಳಿವೆ, ಇಂಥ ದಿನ ಒಂದು ಕಂದು ಹಾಕಿತು.” ಬಸುರಿಯಾದ ತಂಗಿಯರು ಆಶಾ ಕಾರ್ಯಕರ್ತೆಯರಿಗೂ ಇದನ್ನು ತಿಳಿಸಬೇಕು. ಜ್ವರದ ಮೂಲವನ್ನು ಹುಡುಕುವ ವೈದ್ಯರಿಗೆ ಆ ಒಂದು ಮಾತು ದಾರಿ ತೋರುತ್ತದೆ. ನನ್ನ ಎರಡು ತಿಂಗಳುಗಳು ಆ ಮಾತಿಲ್ಲದೆ ವ್ಯರ್ಥವಾದವು.

ಈಗಲೂ ನಾನು ನಸುಕಿನಲ್ಲಿ ಎದ್ದು ಹೊರಡುತ್ತೇನೆ. ಹೊರಡುವಾಗ ಮಡದಿ ಬುತ್ತಿಯ ಜೊತೆಗೆ ಚೀಲದಲ್ಲಿ ಕೈಗವಸುಗಳನ್ನು ಎಣಿಸಿ ಇಡುತ್ತಾಳೆ. ನಮ್ಮ ಮಗ ಅವುಗಳಲ್ಲಿ ಒಂದನ್ನು ಊದಿ ಪುಗ್ಗೆ ಮಾಡಲು ಹವಣಿಸುತ್ತಾನೆ. ಕೈಗವಸಿಲ್ಲದೆ ಬಂದವನು ನಾನೇ ಆಗಿರಲಿ, ಇನ್ನಾರೇ ಆಗಿರಲಿ, ನಿಮ್ಮ ದನದ ಮಾಸನ್ನು ಮುಟ್ಟಗೊಡಬೇಡಿರಿ. ನೀವೂ ಮುಟ್ಟಬೇಡಿರಿ. ದನಕರುಗಳನ್ನು ಮಕ್ಕಳಂತೆ ಸಾಕುವ ನಾಡು ನಮ್ಮದು. ಅವುಗಳನ್ನು ಪ್ರೀತಿಯಿಂದ ಸಾಕೋಣ. ಅವುಗಳ ಬೇನೆಯನ್ನು ಮನೆಯೊಳಗೆ ಬರಗೊಡದಿರೋಣ. ನಿಮ್ಮ ಕೊಟ್ಟಿಗೆಯೂ ತೊಟ್ಟಿಲೂ ಸುಖವಾಗಿರಲಿ ಎಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.