ಹೊಳೆಯ ದಾರಿ, ಮೀನಿನ ಚೀಟಿ



ಇವತ್ತು ನಾವು ಹೊಳೆ ಮತ್ತು ಮೀನಿನ ಬಗ್ಗೆ ಮಾತಾಡೋಣ.

ನಮ್ಮ ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅವಳಿಗೆ ಅಣೆಕಟ್ಟು ಕಟ್ಟಿದ್ದಾರೆ. ಅದರ ಹಿಂದೆ ನಿಂತ ನೀರೇ ರೇಣುಕಾಸಾಗರ. ಇದನ್ನು ನಂಬಿ ಹೊಲ ಬೆಳೆಯುವವರು ಇದ್ದಾರೆ. ಬಲೆ ಬೀಸಿ ಬದುಕುವವರೂ ಇದ್ದಾರೆ.

ಈ ಹೊಳೆ ಯಾರದು? "ದೇವರು ಕೊಟ್ಟದ್ದು, ಎಲ್ಲಾರದೂ ಐತಿ" ಅಂತೀವಿ ನಾವು. ಕಾಯ್ದೆ ಏನು ಹೇಳುತ್ತದೆ? 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಹೊಳೆ, ಹಳ್ಳ, ಕೆರೆ ಸಾಮಾನ್ಯವಾಗಿ ಸರ್ಕಾರದ ಆಸ್ತಿ. ಆದರೆ ಜನರಿಗೆ ಮೊದಲಿನಿಂದ ಇರುವ ದಾರಿಯ ಹಕ್ಕು ಹಾಗೆಯೇ ಉಳಿಯುತ್ತದೆ.

ಹೊಳೆಗೆ ಹೋಗುವ ಹಳೆಯ ದಾರಿಗೆ ಯಾರಾದರೂ ಮುಳ್ಳುಬೇಲಿ ಹಾಕಿದರೆ ಏನು ಮಾಡಬೇಕು? ಬಡಿದಾಟ ಬೇಡ. ನಾಲ್ಕು ಮಂದಿ ಕೂಡಿ ತಹಶೀಲ್ದಾರರಿಗೆ ಅರ್ಜಿ ಕೊಡೋಣ. ಊರ ನಕಾಶೆ ತೆಗೆಸಿ ನೋಡೋಣ. ಹಾಗಂತ ಇನ್ನೊಬ್ಬರ ಬೆಳೆ ತುಳಿದು ಹೋಗುವುದು ನಮ್ಮ ಹಕ್ಕಲ್ಲ.

ಇನ್ನೊಂದು ಮಾತು. ದಂಡೆಗೆ ಹೋಗುವುದು ಬೇರೆ, ಬಲೆ ಬೀಸುವುದು ಬೇರೆ. ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಕೆಲವು ಕೆರೆಗಳನ್ನು ಸಂಘಕ್ಕೆ ಇಲ್ಲವೇ ಗುತ್ತಿಗೆದಾರರಿಗೆ ಕೊಟ್ಟಿರುತ್ತಾರೆ. ಯಾರಾದರೂ ಬಂದು "ಈ ನೀರು ನಂದು, ರೊಕ್ಕ ಕೊಡು" ಅಂದರೆ, "ಕಾಗದ ತೋರಿಸ್ರಿ" ಅನ್ನೋಣ. ಅದರಲ್ಲಿ ಯಾವ ನೀರು, ಯಾರ ಹೆಸರು, ಯಾವ ತಾರೀಖಿನ ತನಕ ಅಂತ ಓದೋಣ. ರೊಕ್ಕ ಕೊಟ್ಟರೆ ರಶೀದಿ ಕೇಳೋಣ. ಓದದೆ ಹೆಬ್ಬೆಟ್ಟು ಒತ್ತುವುದು ಬೇಡ.

ಮದ್ದು ಸಿಡಿಸಿ, ವಿಷ ಹಾಕಿ ಮೀನು ಹಿಡಿಯುವುದು ಅಪರಾಧ. 1897ರ ಕಾಯ್ದೆಯಲ್ಲೇ ಇದನ್ನು ತಡೆದಿದ್ದರು. 1996ರ ಕರ್ನಾಟಕದ ಕಾಯ್ದೆಯೂ ತಡೆಯುತ್ತದೆ. ಯಾಕೆ? ಮದ್ದಿಗೆ ದೊಡ್ಡ ಮೀನು, ಮರಿ ಎಲ್ಲಾ ಸಾಯುತ್ತವೆ. ಎಷ್ಟೋ ಮಂದಿಯ ಕೈಬೆರಳೂ ಹೋಗಿವೆ. ವಿಷ ಬಿದ್ದ ನೀರನ್ನು ನಮ್ಮ ದನಕರು ಕುಡಿಯುತ್ತವೆ.

ಕಾಟ್ಲಾ, ರೋಹು ಮೀನುಗಳು ಮಳೆಗಾಲದ ಹೊಸ ನೀರಿಗೆ ಮೊಟ್ಟೆ ಇಡುತ್ತವೆ. ಒಂದು ತಾಯಿಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಆಗ ಅದನ್ನು ಹಿಡಿದರೆ ಮುಂದಿನ ವರ್ಷ ಬಲೆ ಖಾಲಿ. ಸಣ್ಣ ಕಣ್ಣಿನ ಬಲೆ ಹಾಕಿದರೂ ಅಷ್ಟೇ, ಮರಿಗಳು ಉಳಿಯುವುದಿಲ್ಲ. ಎಷ್ಟು ದಿನ ಬಲೆ ಎತ್ತಿಡಬೇಕು, ಬಲೆಯ ಕಣ್ಣು ಎಷ್ಟಿರಬೇಕು ಎಂಬುದನ್ನು ಇಲಾಖೆಯ ಕಚೇರಿಯಲ್ಲಿ ಕೇಳಿ, ಬರೆದುಕೊಂಡು ಬರೋಣ. ಬಂದು ಓಣಿಯವರಿಗೂ ಓದಿ ಹೇಳೋಣ.