ಬಾಗಿಲಿಲ್ಲದ ಗ್ಯಾಲರಿ



ಕಲಾ ಗ್ಯಾಲರಿಯ ಬಾಗಿಲಲ್ಲೇ ಹಿಂಜರಿಯುವವರು ಹಲವರು. ‘ಚಿತ್ರ ನಮಗೇನು ತಿಳಿಯುತ್ತದೆ’ ಎಂಬ ಅಳುಕು ಅವರದು. ಬೆಂಗಳೂರಿನ ಚಿತ್ರಸಂತೆಗೆ ಬಾಗಿಲೇ ಇಲ್ಲ.

1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ, ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ, ಕುಮಾರಕೃಪಾ ರಸ್ತೆಯಲ್ಲಿ ಈ ಸಂತೆ ನಡೆಸುತ್ತ ಬಂದಿದೆ. ಅಂದು ವಾಹನಗಳಿಗೆ ಎಡೆಯಿಲ್ಲ. ರಸ್ತೆಯುದ್ದಕ್ಕೂ ಮೈಸೂರು ಶೈಲಿಯ ಚಿತ್ರ, ಮಧುಬನಿ, ಜಲವರ್ಣ. ಬೆಲೆ ನೂರು ರೂಪಾಯಿಯಿಂದ ಲಕ್ಷದವರೆಗೆ. ಚಿತ್ರ ಬರೆದವರೇ ಪಕ್ಕದಲ್ಲಿರುವುದರಿಂದ ಕೇಳಲು ಸಂಕೋಚವಿಲ್ಲ, ಚೌಕಾಶಿಗೂ ಅಡ್ಡಿಯಿಲ್ಲ.

2021ರಲ್ಲಿ ಕೋವಿಡ್ ಕಾರಣ ಸಂತೆ ಅಂತರ್ಜಾಲಕ್ಕೆ ಸರಿಯಿತು. ಚಿತ್ರಗಳೇನೋ ಕಂಡವು, ಅವುಗಳ ಮುಂದೆ ಸುಮ್ಮನೆ ನಿಂತು ಹೋಗುವ ದಾರಿಹೋಕನಿರಲಿಲ್ಲ.

ಬರಿಗೈಯಲ್ಲಿ ಮರಳುವ ಆ ದಾರಿಹೋಕನೂ ಸಂತೆಗೆ ಬೇಕು. ನೋಡುವ ರೂಢಿ ಬೆಳೆದರಷ್ಟೇ ಕೊಳ್ಳುವವರು ಹುಟ್ಟುತ್ತಾರೆ.