ಹೊರನಾಡಿನ ಕನ್ನಡ ತರಗತಿ: ಯಾರಿಗೆ ಯಾವ ಪಾಠ?

(ದೇಹೂ ರೋಡ್‌ನಲ್ಲಿ ಮಕ್ಕಳ ಕನ್ನಡ ತರಗತಿಯ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ರವಿವಾರದ ತರಗತಿಗೆ ಬರುವ ಮಕ್ಕಳನ್ನೊಮ್ಮೆ ಗಮನಿಸಿರಿ. ಡಿಪೋ ನೌಕರರ ಮನೆಯ ಒಬ್ಬ ಹುಡುಗಿ ಧಾರವಾಡದ ಮಾತನ್ನು ಅರಳು ಹುರಿದಂತೆ ಆಡುತ್ತಾಳೆ, ಒಂದಕ್ಷರ ಓದಲಾರಳು. ಮರಾಠಿ ಶಾಲೆಯ ಹುಡುಗನೊಬ್ಬನಿಗೆ ದೇವನಾಗರಿ ಕರತಲಾಮಲಕ. ಕನ್ನಡವನ್ನು ಮನೆಯಲ್ಲಿ ಕೇಳಿದ್ದಾನೆ, ಆಡಿದ್ದಿಲ್ಲ. ಮೂರನೆಯವನು ತಂದೆಯ ವರ್ಗಾವಣೆಯಿಂದ ನಡುವರ್ಷದಲ್ಲಿ ಬೆಂಗಳೂರು ಬಿಟ್ಟು ಬಂದವನು, ಓದುಬರಹ ಬಲ್ಲ. ಈ ಮೂವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ‘ಅ ಆ ಇ ಈ’ ಹೇಳಿಸಿದರೆ ಯಾರಿಗೂ ಪ್ರಯೋಜನವಿಲ್ಲ. ನಮ್ಮ ತರಗತಿಗೆ ಪರೀಕ್ಷೆಯ ಅಂಕುಶವಿಲ್ಲ, ಸರಕಾರದ ಆಜ್ಞೆಯ ಬಲವಿಲ್ಲ. ನಾಲ್ಕು ರವಿವಾರ ಬೇಸತ್ತ ಮಗು ಐದನೆಯದಕ್ಕೆ ಬಾರದು. ಆ ಮನೆಯಲ್ಲಿ ಕನ್ನಡದ ಓದು ಅಲ್ಲಿಗೇ ಮುಗಿಯಿತು.

ಮಕ್ಕಳ ಕಲಿಕೆಯ ರೀತಿ ಬೇರೆ ಬೇರೆ ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಎಂಬ ವಿಂಗಡಣೆಯನ್ನು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1992ರಲ್ಲಿ ಮುಂದಿಟ್ಟರು. ಇಂಥ ಹಣೆಪಟ್ಟಿಗಳಲ್ಲಿ ನನಗೆ ನಂಬಿಕೆ ಕಡಿಮೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಅವರ ಮೂವರು ಸಹೋದ್ಯೋಗಿಗಳು ಅದುವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿ, ಹೀಗೆ ವಿಂಗಡಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದರು. ಮಗುವಿನ ಕಣ್ಣು ಮುಂದೋ ಕಿವಿ ಮುಂದೋ ಎಂದು ಅಳೆಯುತ್ತ ಕೂರುವುದಕ್ಕಿಂತ, ಅದು ಮನೆಯಿಂದ ತಂದ ಬುತ್ತಿಯನ್ನು ಬಿಚ್ಚಿ ನೋಡುವುದು ಮೇಲು.

ದೇವನಾಗರಿ ಬಲ್ಲವನಿಗೆ ವರ್ಣಮಾಲೆಯ ಕ್ರಮ ಹೊಸದಲ್ಲ. ಎರಡೂ ಲಿಪಿಗಳನ್ನು ಪಕ್ಕಪಕ್ಕದಲ್ಲಿ ಬರೆದರೆ ಬೇಗ ಹಿಡಿಯುತ್ತಾನೆ. ಮರಾಠಿಯಲ್ಲಿ ‘ಳ’ಕಾರವಿರುವುದರಿಂದ ಅದೂ ತೊಡಕಲ್ಲ. ಅವನು ಎಡವುವುದು ಬೇರೆಡೆ. ಎ-ಏ, ಒ-ಓಗಳ ಭೇದ ಮರಾಠಿ ಬರಹದಲ್ಲಿಲ್ಲ. ಹೀಗಾಗಿ ಕೆರೆಯು ಕೇರೆಯಾಗುತ್ತದೆ, ನೀರಿದ್ದಲ್ಲಿ ಹಾವು! ಇನ್ನು ಒತ್ತಕ್ಷರ. ಅಲ್ಲಿ ಮೊದಲ ವ್ಯಂಜನ ಅರ್ಧವಾಗುತ್ತದೆ. ಇಲ್ಲಿ ಮೊದಲನೆಯದು ಪೂರ್ಣವಾಗಿ ನಿಂತು ಎರಡನೆಯದು ಕೆಳಗಿಳಿಯುತ್ತದೆ. ಅವನ ಪಾಠದ ಹೊತ್ತೆಲ್ಲ ಇವಕ್ಕೇ ಮೀಸಲಾಗಬೇಕು.

ಮಾತುಬಲ್ಲ ಹುಡುಗಿಯ ದಾರಿ ಬೇರೆ. ಆಂಧ್ರದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರುತ್ತದೆ. ಅಕ್ಷರಗಳೂ ವರ್ಣಮಾಲೆಯ ಕ್ರಮ ಬಿಟ್ಟು ‘ರ ಗ ಸ ದ ಅ’ ಎಂದು ತೊಡಗುತ್ತವೆ. ಐದಕ್ಷರ ಕಲಿತೊಡನೆ ಅರಸ, ಅಗಸ, ಗರಗಸ ಎಂದು, ತಾನು ಬಲ್ಲ ಮಾತುಗಳನ್ನೇ ಓದುತ್ತಾಳೆ. ಬೆಂಗಳೂರಿನ ಹುಡುಗನ ಕೈಗೆ ಕಥೆಯ ಪುಸ್ತಕ ಕೊಟ್ಟು, ಉಳಿದವರಿಗೆ ಓದಿ ಹೇಳಲು ಹಚ್ಚಿದರಾಯಿತು.

ಮೂವರೂ ಕೂಡಿ ಕಲಿಯಬಹುದಾದದ್ದು ಹಾಡು. ತುಕಾರಾಮರ ದೇಹೂ ನಮ್ಮ ಮಗ್ಗುಲಲ್ಲೇ ಇದೆ. ವಿಠ್ಠಲನ ಅಭಂಗ ಕೇಳಿ ಬೆಳೆದ ಮಗುವಿಗೆ ಪುರಂದರವಿಠಲನ ಪದ ಪರಕೀಯವೆನಿಸದು. ಮೊದಲು ಬಾಯಿಪಾಠವಾಗಲಿ, ಆಮೇಲೆ ಅದೇ ಪದವನ್ನು ಹಲಗೆಯ ಮೇಲೆ ಬರೆದು ಬೆರಳಿಟ್ಟು ಓದಿಸೋಣ.

ಮುಂದಿನ ರವಿವಾರದಿಂದ ಮೂರು ಗುಂಪು ಮಾಡಬೇಕೆಂಬುದು ನನ್ನ ಸೂಚನೆ. ಸದ್ಯ ಕಲಿಸುವವರು ಇಬ್ಬರೇ ಇದ್ದೇವೆ. ತಾಯಂದಿರಲ್ಲಿ ಯಾರಾದರೊಬ್ಬರು ವಾರಕ್ಕೊಂದು ಗಂಟೆ ಕೊಡುವುದಾದರೆ ಮೂರನೆಯ ಚಾಪೆಯನ್ನೂ ಹಾಸಬಹುದು. ಹೆಸರನ್ನು ಇಂದೇ ಕಾರ್ಯದರ್ಶಿಗಳಲ್ಲಿ ಬರೆಯಿಸಬೇಕೆಂದು ವಿನಂತಿ.